ಗಾಳಿಗೆ ಕೊಡುವ ಬಾಡಿಗೆ

ಮೇ ತಿಂಗಳ ಸಂಜೆ ಅಂಕೋಲೆಯ ಬಸ್ ನಿಲ್ದಾಣದ ಆಸುಪಾಸಿನಲ್ಲಿ ನಿಂತು ನೋಡಬೇಕು. ಬಿಸಿಲು ಇಳಿದಿರುತ್ತದೆ, ಸೆಖೆ ಇಳಿದಿರುವುದಿಲ್ಲ. ಬೆಂಗಳೂರಿನ ರಾತ್ರಿ ಬಸ್ಸು ಬಂದು ನಿಂತಿದ್ದೇ ತಡ, ಅದರ ಡಿಕ್ಕಿಯ ಸುತ್ತ ಜನ ಮುತ್ತುತ್ತಾರೆ. ಅವರಲ್ಲಿ ಎಷ್ಟೋ ಜನ ಊರು ಬಿಡುವವರಲ್ಲ, ಪೆಟ್ಟಿಗೆ ಕಳಿಸಲು ಬಂದವರು. ರಟ್ಟಿನ ಪೆಟ್ಟಿಗೆಯ ಮಗ್ಗುಲಿಗೆ ಗಾಳಿಯಾಡಲು ತೂತು, ತೂತಿನಿಂದ ಇಣುಕುವ ಭತ್ತದ ಹುಲ್ಲು, ಮೇಲೆ ದಪ್ಪ ಅಕ್ಷರದಲ್ಲಿ ಒಂದು ಹೆಸರು, ಮೊಬೈಲ್ ನಂಬರು, ‘ಯಶವಂತಪುರ’ ಎಂಬ ಒಂದೇ ಪದದ ವಿಳಾಸ. ಒಳಗಿರುವುದು ಕರಿ ಈಶಾಡು ಮಾವು.

“ಅಣ್ಣಾ, ಇದ್ರ ಮೇಲೆ ಮತ್ತೆಂತದೂ ಹೇರ್ಬೇಡಿ, ಹಣ್ಣು ಜಜ್ಜಿ ಹೋಗ್ತದೆ.”

“ಬದಿಗೇ ಇಡ್ತೆ ಅಕ್ಕಾ. ಬೆಳಿಗ್ಗೆ ತಕ್ಕೊಳ್ಳೂಕೆ ಬತ್ರಲ್ಲ?”

“ಬತ್ರು, ನಾ ಫೋನ್ ಮಾಡಿ ಹೇಳಿದ್ದೆ.”

ಇಷ್ಟೇ ಮಾತು. ಡಿಕ್ಕಿಯ ಬಾಗಿಲು ಮುಚ್ಚುತ್ತದೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಐದುನೂರು ಕಿಲೋಮೀಟರಿನಷ್ಟು ದೂರದಲ್ಲಿ ಯಾರೋ ಒಬ್ಬರು ಆ ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಗೆ ಹೋಗುತ್ತಾರೆ. ಕರಿ ಈಶಾಡಿನ ಸಿಪ್ಪೆ ತೆಳು, ತಿರುಳು ಹೆಚ್ಚು, ರಸ ಹೆಚ್ಚು. 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಮೇಲೆ ಹೊರಗಿನವರೂ ಈ ಹಣ್ಣನ್ನು ಹೆಸರು ಹಿಡಿದು ಕೇಳುತ್ತಾರೆ. ಆದರೆ ಗೋದಾಮಿನಿಂದ ಗೋದಾಮಿಗೆ ಇಳಿಸಿ ಹತ್ತಿಸಿ, ಮೂರು ನಾಲ್ಕು ದಿನ ಅಲೆಯುವ ಪ್ರಯಾಣವನ್ನು ಅದು ತಾಳುವುದಿಲ್ಲ. ಅದಕ್ಕೆ ರಾತ್ರಿ ಬಸ್ಸೇ ಅಂಚೆ.

ಈ ಬಸ್ ಪಾರ್ಸಲ್ ಅಗ್ಗವಾಗುವುದಕ್ಕೆ ಒಂದು ಕಾರಣವಿದೆ. ಸಾಮಾನು ಕಳಿಸುವ ಖರ್ಚಿನಲ್ಲಿ ದೊಡ್ಡ ಪಾಲನ್ನು ನುಂಗುವುದು ಆರ್ಬೈಲ್ ಘಟ್ಟವೂ ಅಲ್ಲ, ಹುಬ್ಬಳ್ಳಿಯಿಂದಾಚೆಯ ಹೆದ್ದಾರಿಯೂ ಅಲ್ಲ. ಕೊನೆಯಲ್ಲಿ ಉಳಿಯುವ ನಾಲ್ಕಾರು ಕಿಲೋಮೀಟರು, ನಗರದ ಗೋದಾಮಿನಿಂದ ಒಂದೊಂದು ಮನೆಯ ಬಾಗಿಲಿಗೆ ಹೋಗುವ ಹಾದಿ. ಗಿರಾಕಿ ತಾನೇ ನಿಲ್ದಾಣಕ್ಕೆ ಬಂದರೆ ಆ ಹಣ ಉಳಿಯಿತು. ಸರ್ಕಾರಿ ಬಸ್ಸುಗಳಲ್ಲಿಯೂ 2021ರ ಫೆಬ್ರವರಿ 26ರಂದು ‘ನಮ್ಮ ಕಾರ್ಗೋ’ ಪಾರ್ಸಲ್ ಸೇವೆ ಶುರುವಾಯಿತು. ಕಾರವಾರ, ಅಂಕೋಲೆಯ ಬಸ್ಸುಗಳು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವು, ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಗಿರಾಕಿಗಳಿಗೆ ಹತ್ತಾರು ಕಿಲೋ ಕಳಿಸುವವರು ಮೊದಲು ಈ ಕಾರ್ಗೋ ಕೌಂಟರಿನಲ್ಲಿ ದರ ಕೇಳಿ ಮುಂದೆ ಹೋಗುವುದು ಒಳ್ಳೆಯದು. ರೈಲೂ ಇದೆ. ಕಾರವಾರದಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆ. ಆದರೆ ಕಾರವಾರದ ನಿಲ್ದಾಣ ಇರುವುದು ಊರಾಚೆಯ ಶಿರವಾಡದಲ್ಲಿ. ಎರಡು ಸಣ್ಣ ಪೆಟ್ಟಿಗೆಗಾಗಿ ರಿಕ್ಷಾ ಮಾಡಿಕೊಂಡು ಅಲ್ಲಿಗೆ ಹೋದರೆ ಉಳಿಸಿದ್ದು ರಿಕ್ಷಾಕ್ಕೇ ಹೋಯಿತು.

ಬಸ್ಸಿನ ಲೆಕ್ಕ ಸುಲಭ. ಮನೆ ಬಾಗಿಲಿಗೇ ಮುಟ್ಟಿಸಬೇಕಾದ ಪಾರ್ಸಲ್‌ನ ಲೆಕ್ಕವೇ ಬೇರೆ. ಅದನ್ನು ಕಾಣಲು ಹೆದ್ದಾರಿ ಬಿಟ್ಟು ಅವರ್ಸಾ, ಹಾರವಾಡದ ಕಡೆ ಮನೆಯೊಂದರ ಜಗಲಿಗೆ ಹೋಗಬೇಕು.

ಅಂಗಳದಲ್ಲಿ ಚಾಪೆ ಹಾಸಿ ಮುರುಗಲು (ಕೋಕಂ) ಸಿಪ್ಪೆ ಒಣಗಿಸಿದ್ದಾರೆ. ಮಳೆಗಾಲ ಹತ್ತಿರ ಬಂತು, ಅಷ್ಟರೊಳಗೆ ಒಣಗಿ ಡಬ್ಬಿ ಸೇರಬೇಕು. ಕೆಂಪು ಹೋಗಿ ಕಪ್ಪಡರಿದ ಸಿಪ್ಪೆಯ ಹುಳಿವಾಸನೆ ಜಗಲಿಯವರೆಗೂ ಬರುತ್ತದೆ. ಜಗಲಿಯ ಮೇಲೆ ಅತ್ತೆ ಸೊಸೆ ಎದುರುಬದುರು ಕೂತಿದ್ದಾರೆ. ನಡುವೆ ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ. ತುಂಬುವುದು ಅತ್ತೆಯ ಕೆಲಸ. ತೂಗುವುದು, ಅಂಟಿಸುವುದು, ವಾಟ್ಸ್ಆ್ಯಪಿನಲ್ಲಿ ಬಂದ ವಿಳಾಸ ಬರೆಯುವುದು ಸೊಸೆಯದು.

“ಅತ್ತೆ, ಇನ್ನು ನಾಕು ಸಿಪ್ಪೆ ತೆಗೀರಿ. ನಾನೂರಾ ನಲವತ್ತಕ್ಕೆ ನಿಲ್ಬೇಕು.”

“ನಾಕು ಸಿಪ್ಪೆಗೆ ಎಂತಾ ಲೆಕ್ಕ ಮಾರಾಯ್ತಿ. ಗಿರಾಕಿಗೆ ಒಂದು ಹಿಡಿ ಜಾಸ್ತಿ ಹೋದ್ರೆ ಪುಣ್ಯ ಬತ್ತದೆ.”

“ಪುಣ್ಯ ಬತ್ತದೆ ಅತ್ತೆ. ಅರ್ಧ ಕಿಲೋ ದಾಟಿದ್ರೆ ಒಂದು ಕಿಲೋದ ದುಡ್ಡು ಹೋಗ್ತದೆ.”

ಈ ಎರಡು ಮಾತಿನಲ್ಲಿ ಇಡೀ ವ್ಯಾಪಾರ ಬದಲಾದದ್ದು ಕಾಣುತ್ತದೆ. ಸಂತೆಯಲ್ಲಿ ಕೊಸರು ಹಾಕುವುದು ಮರ್ಯಾದೆ. ಅಂಕೋಲೆಯ ಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುವ ಹಾಲಕ್ಕಿ ಸಮುದಾಯದ ಹೆಂಗಸರು ಬಸಳೆ ಕಟ್ಟಿನ ಮೇಲೆ ಇನ್ನೆರಡು ಕುಡಿ ಇಡದೆ ಕೊಡುವುದಿಲ್ಲ. ಪಾರ್ಸಲ್ ದರ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸಾಮಾನ್ಯವಾಗಿ ಐದುನೂರು ಗ್ರಾಮಿಗೆ ಒಂದು ಮೆಟ್ಟಿಲು. 500 ಗ್ರಾಂ ಮುರುಗಲಿಗೆ 50 ಗ್ರಾಮಿನ ಹೊದಿಕೆ ಸೇರಿದರೆ 550. ಆ 50 ಗ್ರಾಂ ಹೊದಿಕೆಗಾಗಿ ಮಾರುವವಳು ಇನ್ನೊಂದು ಪೂರ್ತಿ ಮೆಟ್ಟಿಲಿನ ಹಣ ಕಟ್ಟುತ್ತಾಳೆ. ಸೊಸೆ ಕಂಡುಕೊಂಡ ದಾರಿ ನೇರವಾಗಿದೆ. ಪೊಟ್ಟಣದ ಮೇಲೆ 440 ಗ್ರಾಂ ಎಂದೇ ಅಚ್ಚು, 440 ಗ್ರಾಮಿನದೇ ಬೆಲೆ, ಹೊದಿಕೆ ಸೇರಿ 490. ಒಬ್ಬರೇ ಎರಡು ಪೊಟ್ಟಣ ತರಿಸಿದರೆ ಹೊದಿಕೆ ಸೇರಿ 950 ಆಗುತ್ತದೆ, ಒಂದು ಕಿಲೋ ಮುಟ್ಟಲು ಇನ್ನೂ 50 ಗ್ರಾಂ ಜಾಗ ಉಳಿಯುತ್ತದೆ. ಅತ್ತೆಯ ಕೊಸರು ಅಲ್ಲಿಗೆ ಹೋಗುತ್ತದೆ, ಬಿಡಿಗಾಸು ಹೆಚ್ಚು ಖರ್ಚಿಲ್ಲದೆ.

ಇದೇ ಮನೆಯವರು ಮುರುಗಲಿನ ಸಿರಪ್ ಕೂಡ ಮಾಡುತ್ತಾರೆ, ಆದರೆ ಅದನ್ನು ಊರಿನ ಅಂಗಡಿಗಳಿಗಷ್ಟೇ ಕೊಡುತ್ತಾರೆ. ಸಿರಪ್ ಎಂದರೆ ಬಹುಪಾಲು ಸಕ್ಕರೆ ಮತ್ತು ನೀರು. ಬೆಂಗಳೂರಿನಲ್ಲಿ ನೀರೂ ಇದೆ, ಸಕ್ಕರೆಯೂ ಇದೆ, ಇಲ್ಲದ್ದು ಮುರುಗಲು. ಇಲ್ಲದ್ದನ್ನಷ್ಟೇ ಕಳಿಸಬೇಕು ಎಂಬ ಈ ತಿಳಿವಳಿಕೆ ನನಗೆ ತುಂಬ ಹಿಡಿಸಿತು. ಬಾಟಲಿ ಒಡೆಯುವ, ಸೋರುವ, ಪಕ್ಕದ ಪಾರ್ಸಲನ್ನೂ ಕೆಡಿಸುವ ಭಯವೂ ಅದರೊಂದಿಗೇ ತಪ್ಪಿತು.

ತೂಕದ ಮೇಲೆ ಹಿಡಿತ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಾರವಾರದ ಪೇಟೆಯ ಯಾವ ಕೊರಿಯರ್ ಅಂಗಡಿಗೆ ಹೋದರೂ ತಕ್ಕಡಿಯ ಪಕ್ಕ ಅಳತೆ ಟೇಪು ಇರುತ್ತದೆ. ಹೊಸದಾಗಿ ಮಾರಾಟಕ್ಕಿಳಿದವರು ಆ ಟೇಪನ್ನು ಗಮನಿಸುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಆ ಪೆಟ್ಟಿಗೆಯ ‘ಗಾತ್ರದ ತೂಕ’. ಭಾಜಕ ಕಂಪನಿಯಿಂದ ಕಂಪನಿಗೆ ತುಸು ಬದಲಾಗಬಹುದು, ಬಹುತೇಕರು ಹಿಡಿಯುವುದು 5000. ತಕ್ಕಡಿಯ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಹಣ.

ಒಂದು ಕಿಲೋ ಬಾಳೆಕಾಯಿ ಚಿಪ್ಸ್ ತೆಗೆದುಕೊಳ್ಳಿ. ಕೈಗೆ ಸಿಕ್ಕ ಅಂಗಡಿಯ ಪೆಟ್ಟಿಗೆ 35 ಸೆಂ.ಮೀ. ಉದ್ದ, 30 ಅಗಲ, 20 ಎತ್ತರ. ಗುಣಿಸಿದರೆ 21,000, ಭಾಗಿಸಿದರೆ 4.2. ಅರ್ಧ ಕಿಲೋದ ಮೆಟ್ಟಿಲಿಗೆ ಏರಿಸಿದರೆ ನಾಲ್ಕೂವರೆ ಕಿಲೋದ ಬಾಡಿಗೆ. ಅದೇ ಚಿಪ್ಸನ್ನು ಎರಡು ಚಪ್ಪಟೆ ಪೊಟ್ಟಣ ಮಾಡಿ 30, 20, 15ರ ಪೆಟ್ಟಿಗೆಯಲ್ಲಿ ಕೂರಿಸಿದರೆ 9,000, ಅಂದರೆ 1.8, ಎರಡು ಕಿಲೋದ ಬಾಡಿಗೆ. ಸಾಮಾನು ಅದೇ, ದಾರಿ ಅದೇ, ಗಿರಾಕಿ ಅದೇ. ಮಿಕ್ಕ ಎರಡೂವರೆ ಕಿಲೋದ ಹಣ ಪೆಟ್ಟಿಗೆಯೊಳಗಿನ ಗಾಳಿಯದು. ಗೇರುಬೀಜ ಮಾರುವವರಿಗೆ ಈ ಕಾಟವಿಲ್ಲ, ಅದು ಒತ್ತಾಗಿ ಕೂರುತ್ತದೆ, ತಕ್ಕಡಿಯ ತೂಕವೇ ಮುಂದಾಗುತ್ತದೆ. ಕಾಟ ಇರುವುದು ಚಿಪ್ಸು, ಹಪ್ಪಳ, ಸಂಡಿಗೆ, ಬುಟ್ಟಿ ಮಾರುವವರಿಗೆ. ನಮ್ಮ ಕರಾವಳಿಯ ಮನೆಗಳಲ್ಲಿ ಹೆಚ್ಚಾಗಿ ತಯಾರಾಗುವುದೂ ಇವೇ.

ಹಾಗಾಗಿ ಪೆಟ್ಟಿಗೆಯನ್ನು ಕೊನೆಗೆ ಹುಡುಕುವುದಲ್ಲ, ಮೊದಲು ಗೊತ್ತು ಮಾಡಿಕೊಂಡು ಪೊಟ್ಟಣವನ್ನು ಅದರ ಅಳತೆಗೆ ಮಾಡಬೇಕು. ಔಷಧಿ ಅಂಗಡಿ, ದಿನಸಿ ಅಂಗಡಿಗಳ ಹಳೆಯ ರಟ್ಟಿನ ಪೆಟ್ಟಿಗೆ ಗಟ್ಟಿ ಇದ್ದರೆ ಅದಕ್ಕಿಂತ ಬೇರೆ ಬೇಡ. ನಾಲ್ಕೂ ಮೂಲೆಯನ್ನು ಸಾಮಾನಿನ ಮಟ್ಟದವರೆಗೆ ಸೀಳಿ, ಮೇಲಿನ ರಟ್ಟನ್ನು ಒಳಗೆ ಮಡಚಿ ಟೇಪು ಹಾಕಿದರೆ ಎತ್ತರ ತಗ್ಗುತ್ತದೆ. ಹಲಸಿನ ಹಪ್ಪಳಕ್ಕೆ ಮೇಲೊಂದು ಕೆಳಗೊಂದು ರಟ್ಟು ಕೊಟ್ಟು ಬಿಗಿಯಾಗಿ ಕಟ್ಟಿದರೆ ಪೆಟ್ಟಿಗೆಯೇ ಬೇಡ. ಮುರುಗಲು ಸಿಪ್ಪೆಗೂ ಬೇಡ, ಹಾಲಕ್ಕಿ ಮಣಿಸರಕ್ಕೂ ಬೇಡ, ದಪ್ಪ ಪ್ಲಾಸ್ಟಿಕ್ ಕವರು ಸಾಕು. ಒಣಮೀನು ಮಾತ್ರ ಬೇರೆ ಜಾತಿ. ವಾಸನೆ ಹೊರಗೆ ಬಂದರೆ ಕೌಂಟರಿನಲ್ಲಿಯೇ ವಾಪಸು ಕೊಡುತ್ತಾರೆ. ಒಣ ಸಿಗಡಿ, ಒಣ ಬಂಗಡೆ ಕಳಿಸುವವರು ಗಾಳಿ ತೆಗೆದು ಸೀಲು ಮಾಡುವ ಸಣ್ಣ ಯಂತ್ರಕ್ಕೆ ಹಣ ಹಾಕುವುದು ದಂಡವಲ್ಲ. ವಾಸನೆ ನಿಲ್ಲುತ್ತದೆ, ಗಾತ್ರವೂ ಇಳಿಯುತ್ತದೆ. ಕೊರಿಯರಿನವರು ತಮ್ಮ ಗೋದಾಮಿನಲ್ಲಿ ಮತ್ತೊಮ್ಮೆ ಅಳೆದು, ಹೆಚ್ಚು ಕಂಡರೆ ಆಮೇಲೆ ಹಣ ಹಿಡಿಯುವುದುಂಟು. ತಕ್ಕಡಿಯ ಮೇಲಿಟ್ಟ ಪಾರ್ಸಲಿನದೊಂದು, ಟೇಪು ಹಿಡಿದು ಇನ್ನೊಂದು ಫೋಟೋ ತೆಗೆದಿಟ್ಟುಕೊಂಡವರು ಆಗ ವಾದ ಮಾಡಬಲ್ಲರು.

ಅಂಚೆ ಕಚೇರಿಯ ಕೌಂಟರಿಗೆ ಬರೋಣ. ಅಂಕೋಲೆಯ ಪಿನ್ 581314, ಕಾರವಾರದ್ದು 581301. 1972ರ ಆಗಸ್ಟ್ 15ರಂದು ಪಿನ್ ಪದ್ಧತಿ ಜಾರಿಗೆ ಬಂತು, ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಮೊದಲ ಅಂಕೆ ದೊಡ್ಡ ವಲಯ, ಮೊದಲ ಮೂರು ಸೇರಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಆರರಲ್ಲಿ ಒಂದು ಅಂಕೆ ತಪ್ಪಿದರೂ ಪಾರ್ಸಲ್ ಬೇರೆ ಊರು ನೋಡಿಕೊಂಡು ಬರುತ್ತದೆ. ದೇಶದಲ್ಲಿರುವ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಹಳ್ಳಿಗಳಲ್ಲಿವೆ. ಸಣ್ಣ ವ್ಯಾಪಾರಿಗೆ ಇದು ದೊಡ್ಡ ಆಸರೆ. ಖಾಸಗಿ ಕೊರಿಯರ್‌ಗಳು ಎಷ್ಟೋ ಹಳ್ಳಿಗಳನ್ನು ‘ಹೊರವಲಯ’ ಎಂದು ಬರೆದುಕೊಂಡು ಮೇಲಷ್ಟು ಕೇಳುತ್ತವೆ, ಇಲ್ಲವೇ ಪೇಟೆಗೆ ಬಂದು ಒಯ್ಯಿರಿ ಎನ್ನುತ್ತವೆ. ಅಂಚೆಯಣ್ಣ ಹೊಳೆ ದಾಟಿ, ಗುಡ್ಡ ಹತ್ತಿ ಅದೇ ದರಕ್ಕೆ ಹೋಗುತ್ತಾನೆ. ದೊಡ್ಡ ನಗರದ ಗಿರಾಕಿಗೆ ಕೊರಿಯರ್ ಅಗ್ಗವಾಗಬಹುದು. ಹಳ್ಳಿಯ ಗಿರಾಕಿಗೆ ಅಂಚೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. 2012ರಿಂದ ಕದಲದೆ ಇದ್ದ ಸ್ಪೀಡ್ ಪೋಸ್ಟ್ ದರ 2025ರ ಅಕ್ಟೋಬರ್ 1ರಿಂದ ಬದಲಾಗಿದೆ, ನೋಂದಾಯಿತ ಅಂಚೆಯೂ ಅದಕ್ಕೂ ಒಂದು ತಿಂಗಳು ಮೊದಲೇ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಹಳೆಯ ದರ ನೆನಪಿಟ್ಟುಕೊಂಡು ಬೆಲೆ ಕಟ್ಟಿದವರು ಲೆಕ್ಕವನ್ನು ಇನ್ನೊಮ್ಮೆ ಮಾಡಬೇಕು.

ಪುಸ್ತಕದವರಿಗೆ ಒಂದು ಶುಭವಾರ್ತೆ ಇದೆ, ಅಂಕೋಲೆಯಲ್ಲಿ ಅದನ್ನು ಹೇಳದೆ ಹೋಗಲಾಗದು. ದಿನಕರ ದೇಸಾಯಿಯವರು ‘ಜನಸೇವಕ’ ವಾರಪತ್ರಿಕೆ ನಡೆಸಿದ ಊರಿದು. ಅಂಬಾರಕೊಡ್ಲದಂಥ ಹಳ್ಳಿಯಲ್ಲಿ ಕೂತು ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನ ಕಟ್ಟಿ ನಾಡಿಗೆಲ್ಲ ಪುಸ್ತಕ ಮುಟ್ಟಿಸಿದರು. 2025ರ ಮೇ 1ರಂದು ಅಂಚೆ ಇಲಾಖೆ ‘ಜ್ಞಾನ ಪೋಸ್ಟ್’ ಆರಂಭಿಸಿತು. 300 ಗ್ರಾಂವರೆಗಿನ ಪುಸ್ತಕಕ್ಕೆ ತೆರಿಗೆ ಬಿಟ್ಟು 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ. ನೆಲದ ಹಾದಿಯಲ್ಲೇ ಹೋಗುವುದರಿಂದ ತುಸು ತಡವಾಗುತ್ತದೆ, ಆದರೆ ಎಲ್ಲಿದೆ ಎಂದು ನೋಡಿಕೊಳ್ಳಬಹುದು. ನೂರೈವತ್ತು ರೂಪಾಯಿಯ ಕವನ ಸಂಕಲನಕ್ಕೆ ಎಂಬತ್ತು ರೂಪಾಯಿ ಕೊರಿಯರ್ ಕೊಡಬೇಕಾದರೆ ಯಾವ ಓದುಗನಾದರೂ ಹಿಂಜರಿಯುತ್ತಾನೆ. ಇಪ್ಪತ್ತಕ್ಕೆ ಹಿಂಜರಿಯುವುದಿಲ್ಲ.

ಕಾರವಾರಕ್ಕೆ ಅದರದೇ ಒಂದು ತೊಡಕಿದೆ. ಕಾಳಿ ಸೇತುವೆ ದಾಟಿ, ಸದಾಶಿವಗಡ ಹಿಂದೆ ಬಿಟ್ಟು, ಮಾಜಾಳಿ ಕಳೆದರೆ ಗೋವಾ. ಮಡಗಾಂವ್ ಇಲ್ಲಿಂದ ಎಪ್ಪತ್ತು ಕಿಲೋಮೀಟರಿನಷ್ಟು, ಬೆಂಗಳೂರು ಐದುನೂರಕ್ಕೂ ಹೆಚ್ಚು. ಮದುವೆ, ಮೀನು, ಮಾತು ಎಲ್ಲದರಲ್ಲೂ ಕಾರವಾರದವರಿಗೆ ಹತ್ತಿರ ಗೋವಾವೇ. ಆದರೆ ಕೆಲವು ಕೊರಿಯರ್‌ಗಳ ದರಪಟ್ಟಿಯಲ್ಲಿ ಬೆಂಗಳೂರು ‘ರಾಜ್ಯದೊಳಗೆ’, ಗಡಿಯಾಚೆಯ ಕಾಣಕೋಣ ‘ಹೊರರಾಜ್ಯ’. ಸ್ಪೀಡ್ ಪೋಸ್ಟ್ ಗಡಿ ನೋಡುವುದಿಲ್ಲ, ಕಿಲೋಮೀಟರು ನೋಡುತ್ತದೆ, 200 ಕಿಲೋಮೀಟರಿನವರೆಗೆ ಒಂದು ದರ. ಗೋವಾದ ಗಿರಾಕಿಗಳು ಹೆಚ್ಚಿರುವವರು ಈ ಒಂದು ವ್ಯತ್ಯಾಸ ಹಿಡಿದರೆ ಸಾಕಷ್ಟು ಉಳಿಯುತ್ತದೆ. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರುವುದಾದರೆ ಜಿಎಸ್‌ಟಿ ನೋಂದಣಿಯ ವಿಷಯವನ್ನು ಮಾತ್ರ ಮೊದಲೇ ಲೆಕ್ಕಪತ್ರದವರಲ್ಲಿ ಕೇಳಿಕೊಳ್ಳಬೇಕು. ಶಿಪ್‌ರಾಕೆಟ್‌ನಂಥ ಜಾಲತಾಣಗಳಲ್ಲಿ ಖಾತೆ ತೆರೆದರೆ ಹತ್ತಾರು ಕೊರಿಯರ್‌ಗಳ ದರ ಒಂದೇ ಕಡೆ ಕಾಣುತ್ತದೆ, ಒಂದೊಂದು ಪಾರ್ಸಲಿಗೆ ಒಂದೊಂದನ್ನು ಆರಿಸಬಹುದು.

ಇಷ್ಟೆಲ್ಲ ಕೂಡಿಟ್ಟದ್ದನ್ನು ಒಂದೇ ಏಟಿಗೆ ಕಳೆಯುವುದು ವಾಪಸು ಬರುವ ಪಾರ್ಸಲ್. ಇದು ಹೊಸ ರೋಗವಲ್ಲ. ಮುಟ್ಟಿದ ಮೇಲೆ ಹಣ ಕೊಡುವ ಪದ್ಧತಿ ವಿ.ಪಿ.ಪಿ. ಎಂಬ ಹೆಸರಿನಲ್ಲಿ 1877ರಲ್ಲಿಯೇ ನಮ್ಮ ಅಂಚೆಯಲ್ಲಿ ಬಂತು. ಬಟ್ಟೆ ಹೊಲಿದು ಅರಗಿನ ಮುದ್ರೆ ಒತ್ತಿದ ಕಟ್ಟುಗಳು ಊರೂರು ಸುತ್ತಿ, ‘ತೆಗೆದುಕೊಳ್ಳಲಿಲ್ಲ’ ಎಂಬ ಷರಾ ಹೊತ್ತು ಮರಳುತ್ತಿದ್ದವು. ಈಗ ಷರಾ ಮೊಬೈಲಿಗೆ ಬರುತ್ತದೆ. ಹಣ ವಸೂಲಿಗೆ ಕೊರಿಯರಿನವರು ಬೇರೆ ಶುಲ್ಕ ಹಿಡಿಯುತ್ತಾರೆ, ಗಿರಾಕಿ ಬೇಡವೆಂದರೆ ಹೋದ ಬಾಡಿಗೆಯ ಜೊತೆ ಬರುವ ಬಾಡಿಗೆಯನ್ನೂ ಮಾರುವವರೇ ಕಟ್ಟಬೇಕು. ಮುನ್ನೂರು ರೂಪಾಯಿಯ ಹಪ್ಪಳದ ಕಟ್ಟೊಂದು ಹೋಗಿ ಬಂದು ಪುಡಿಯಾಗಿ ಕೂತರೆ, ಮುಂದಿನ ನಾಲ್ಕೈದು ಕಟ್ಟಿನ ಲಾಭ ಅದಕ್ಕೇ ಸಂದಾಯ. ಮೊದಲೇ ಯುಪಿಐನಲ್ಲಿ ಹಣ ತರಿಸಿಕೊಳ್ಳುವುದು, ಕಳಿಸುವ ದಿನ ಒಂದು ಫೋನು ಮಾಡಿ ವಿಳಾಸ ಓದಿ ಹೇಳುವುದು, ಇದರಷ್ಟು ಹಣ ಉಳಿಸುವ ಉಪಾಯ ಇನ್ನೊಂದು ನನಗೆ ಕಂಡಿಲ್ಲ. ಅವರ್ಸಾ ಕಡೆಯ ಆ ಸೊಸೆ ಹೊಸ ಗಿರಾಕಿಗೆ ಫೋನು ಮಾಡದೆ ಪೊಟ್ಟಣಕ್ಕೆ ಟೇಪು ಹಾಕುವುದಿಲ್ಲ.

ಜೂನ್ ಬಂದರೆ ಮತ್ತೊಂದು ಖರ್ಚು ಆಕಾಶದಿಂದ ಬೀಳುತ್ತದೆ. ಕರಾವಳಿಯ ಮಳೆಯಲ್ಲಿ ರಟ್ಟು ಮೆತ್ತಗಾಗುತ್ತದೆ, ಪೆಟ್ಟಿಗೆಯೊಳಗೆ ತುರುಕಿದ ಪೇಪರು ನೀರು ಕುಡಿದು ತೂಕ ಏರಿಸುತ್ತದೆ, ಹಪ್ಪಳ ಬಾಗುತ್ತದೆ. ಸಾಮಾನನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಆಮೇಲೆ ಪೆಟ್ಟಿಗೆಗೆ ಹಾಕಿದರೆ, ಪೆಟ್ಟಿಗೆ ನೆನೆದರೂ ಸಾಮಾನು ಉಳಿಯುತ್ತದೆ. ಅದಕ್ಕೂ ಮೀರಿದ್ದು ರಸ್ತೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನರನ್ನು, ವಾಹನಗಳನ್ನು ಗಂಗಾವಳಿ ಹೊಳೆಗೆ ತಳ್ಳಿತು. ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಮುಂದಿನ ತಿಂಗಳು 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಲಾರಿ ಸಮೇತ ಹೊಳೆಗೆ ಕುಸಿಯಿತು. ಜೀವ ಕಳೆದುಕೊಂಡವರ ದುಃಖದೆದುರು ಪಾರ್ಸಲಿನ ಮಾತು ಸಣ್ಣದು. ಆದರೂ ಆ ಮಳೆಗಾಲ ಇಲ್ಲಿನ ಸಣ್ಣ ವ್ಯಾಪಾರಿಗಳಿಗೆ ಒಂದು ಪಾಠ ಬಿಟ್ಟು ಹೋಗಿದೆ. ಜುಲೈ ಆಗಸ್ಟಿನಲ್ಲಿ ಬೇಗ ಕೆಡುವ ಸಾಮಾನಿಗೆ ಆರ್ಡರು ಹಿಡಿಯಬಾರದು, ಮುಟ್ಟುವ ದಿನದ ಮಾತು ಕೊಡಬಾರದು, ಮಳೆಗಾಲದ ಪಟ್ಟಿಯಲ್ಲಿ ಒಣಗಿದ್ದು, ಹುರಿದದ್ದು, ಉಪ್ಪಿನಲ್ಲಿಟ್ಟದ್ದು ಮಾತ್ರ ಇರಬೇಕು. ನಮ್ಮ ಅಜ್ಜಿಯಂದಿರ ಅಟ್ಟದ ಮೇಲೆ ಮಳೆಗಾಲಕ್ಕೆಂದು ಇರುತ್ತಿದ್ದುದೂ ಇವೇ.

ಮಾರುವವರು ಗ್ರಾಮು, ಸೆಂಟಿಮೀಟರು ಲೆಕ್ಕ ಹಾಕಿ ಎಷ್ಟು ಉಳಿಸಬಹುದೋ ಅಷ್ಟನ್ನು ಜಗಲಿಯ ಮೇಲೆಯೇ ಉಳಿಸುತ್ತಿದ್ದಾರೆ. ಉಳಿದ ಅರ್ಧ ಕೊಳ್ಳುವ ನಮ್ಮ ಕೈಯಲ್ಲಿದೆ. ಅಂಕೋಲೆಯ ಮುರುಗಲೋ ಕಾರವಾರದ ಒಣ ಸಿಗಡಿಯೋ ತರಿಸುವಾಗ ನೆರೆಮನೆಯವರನ್ನೂ ಕೇಳಿ ಒಂದೇ ಪಾರ್ಸಲಿನಲ್ಲಿ ತರಿಸಿ. ಹಣ ಮೊದಲೇ ಕಳಿಸಿ. ಪಿನ್ ಸರಿಯಾಗಿ ಬರೆದು, ಮನೆಯ ಗುರುತೊಂದನ್ನು ಸೇರಿಸಿ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಆ ವಾರವಾದರೂ ಎತ್ತಿ. ಬೆಳಿಗ್ಗೆ ಬಸ್ಸಿನ ಹತ್ತಿರ ಹೋಗಿ ತರಬಲ್ಲಿರಾದರೆ ಹಾಗೆಂದು ಹೇಳಿ, ಮಾವಿನ ಕಾಲದಲ್ಲಿ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಬಂದ ಪೆಟ್ಟಿಗೆಯನ್ನು ಮಾತ್ರ, ದಯವಿಟ್ಟು, ವಾಪಸು ಕಳಿಸಬೇಡಿ.